ಭಾಳ ಕುದಿಯೋದು

ಹುಲಿಗೆಮ್ಮ ತಪ್ಪು ಮಾಡಿರಲಿಲ್ಲ. ತಪ್ಪು ಹೇಳಿಕೊಟ್ಟವಳು ನಾನು. ಹೇಳಿಕೊಟ್ಟು, ಅದು ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು, ಕಡೆಗೆ ಎಲ್ಲರೆದುರು ಅವಳ ತಲೆಗೇ ಕಟ್ಟಿದವಳೂ ನಾನು.

ಇಷ್ಟು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತಲ್ಲ ಎಂದು ನನ್ನ ಮೇಲೆ ನನಗೇ ರೇಗುತ್ತಿದೆ. ನಮ್ಮ ಕಾಲೇಜಿನ ಈ ವಾರ್ಷಿಕ ಸಂಚಿಕೆಗೆ ಪ್ರತಿ ಸಲ ನನ್ನದೊಂದು ಲೇಖನ ಬೇಕು. "ಮೇಡಂ, ವಿಜ್ಞಾನ ಕನ್ನಡದಾಗ ಹೆಂಗ ಕಲಿಸಬೇಕು ಅಂತ ನಾಕು ಮಾತು ಬರದು ಕೊಡ್ರಿ" ಎನ್ನುತ್ತಾರೆ. ಕೊಟ್ಟಿದ್ದೇನೆ, ನಾಚಿಕೆಯಿಲ್ಲದೆ. ಓದಿ ಹೊಗಳಿದವರೂ ಇದ್ದಾರೆ. ಅವರೆಲ್ಲ ಈ ಸಲ ಇದನ್ನೂ ಓದಲಿ.

ನಾನು ಕೆಮಿಸ್ಟ್ರಿ ಕಲಿಸುವವಳು. ಊರು ಕುಕನೂರು, ಹೈಸ್ಕೂಲಿನ ತನಕ ಕನ್ನಡ ಸಾಲಿ. ಪಿಯುಸಿಗೆಂದು ಇದೇ ಕೊಪ್ಪಳಕ್ಕೆ ಬಂದಾಗ ಇಂಗ್ಲಿಷಿನ ಪುಸ್ತಕ ತೆರೆದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಆಗಲೇ ಹಟ ಹಿಡಿದಿದ್ದೆ — ಮುಂದೆ ನಾನೇನಾದರೂ ಪಾಠ ಮಾಡುವಂತಾದರೆ ನಮ್ಮ ಮಕ್ಕಳ ಬಾಯಿಯ ಮಾತಿನಲ್ಲೇ ಮಾಡಬೇಕು ಎಂದು. ಮಾಡಿದೆ. "ನಮ್ಮವ್ವ ಅಡಿಗಿಮನ್ಯಾಗ ಕುಂತು ಹೇಳಿದಂಗ ಇರತೈತಿ ಮೇಡಂ ಪಾಠ" ಎಂದು ಒಬ್ಬ ವಿದ್ಯಾರ್ಥಿ ಅಂದಿದ್ದ. ಆ ಒಂದು ಮಾತನ್ನು ಎಷ್ಟು ಜನರ ಮುಂದೆ ಹೇಳಿಕೊಂಡು ತಿರುಗಿದೆನೋ... ಇರಲಿ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಆ ಹೆಮ್ಮೆಯೂ ಈ ಸಿಟ್ಟೂ ಒಂದು ಮಧ್ಯಾಹ್ನ ಕೂಡಿಬಿಟ್ಟವು.

ಆಗ ನಾನಿಲ್ಲಿ ಅತಿಥಿ ಉಪನ್ಯಾಸಕಿ. ವರ್ಷ ವರ್ಷ ಹೊಸದಾಗಿ ತೆಗೆದುಕೊಳ್ಳುತ್ತಾರೋ ಬಿಡುತ್ತಾರೋ ಎಂದು ಕಾಯುವ ಕೆಲಸ. ಎಂಎಸ್ಸಿ ಕಡೆಯ ವರ್ಷದವರ ಪ್ರಾಜೆಕ್ಟು ನನ್ನ ಕೈಯಲ್ಲಿತ್ತು. ಎರಡು ಪುಡಿಗಳನ್ನು ಕೂಡಿಸಿ ಕಾಯಿಸಿ ಒಂದು ಹಳದಿ ಹರಳು ಮಾಡಬೇಕು. ಸಾದಾ ರೀತಿಯಲ್ಲಿ ಕಾಯಿಸಿದರೆ ತಾಸುಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟು ಹೋಯಿತೆಂದರೆ ಅವತ್ತಿನ ಕೆಲಸ ಮಣ್ಣು. ಮತ್ತೆ ಮೊದಲಿನಿಂದ. ಹಿಂಗೆ ಕೆಟ್ಟು ಕೆಟ್ಟು ನನಗೆ ಸಾಕಾಗಿ ಹೋಗಿತ್ತು. ಮೈಕ್ರೋವೇವ್ ಓವನ್ನಿನಲ್ಲಾದರೆ ಅದೇ ಕೆಲಸ ಕೆಲವೇ ನಿಮಿಷ. ಪ್ರಯೋಗಕ್ಕೆಂದೇ ಮಾಡಿದ ಓವನ್ ತರುವ ಶಕ್ತಿ ನಮಗೆಲ್ಲಿಂದ — ಹೊಸಪೇಟೆಯಿಂದ ಅಡಿಗೆಮನೆಯದೇ ಒಂದನ್ನು ತರಿಸಿ, ಲ್ಯಾಬಿನ ಮೂಲೆಯಲ್ಲಿ ಇಟ್ಟಿದ್ದೆವು.

ಕೆಮಿಸ್ಟ್ರಿ ಓದದವರಿಗೆ ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನನ್ನ ಅಪರಾಧವೇ ನಿಮಗೆ ತಿಳಿಯುವುದಿಲ್ಲ. ಬಾಯಿ ತೆರೆದ ಪಾತ್ರೆಯಲ್ಲಿ ಯಾವ ದ್ರವವನ್ನಾದರೂ ಕಾಯಿಸಿ, ಅದು ಕುದಿಯಲು ಶುರುವಾಯಿತೆಂದರೆ ಬಿಸಿ ಅಲ್ಲಿಗೇ ನಿಲ್ಲುತ್ತದೆ. ನೀರು ನೂರು ಡಿಗ್ರಿ ದಾಟುವುದಿಲ್ಲ. ಸ್ಪಿರಿಟ್ಟು ಎಂಬತ್ತಕ್ಕೂ ಮೊದಲೇ ಕೊತಕೊತ ಕುದ್ದು ಆವಿಯಾಗಿ ಹೋಗುತ್ತದೆ. ನಮ್ಮ ಪುಡಿಗಳು ಕೂಡುವುದಕ್ಕೆ ನೂರೈವತ್ತರ ಹತ್ತಿರ ಬೇಕಿತ್ತು. ಅಂದರೆ ಅವನ್ನು ಕರಗಿಸಿಕೊಂಡು, ಅಷ್ಟು ಬಿಸಿಯಲ್ಲೂ ಕುದಿಯದೆ ಸುಮ್ಮನೆ ಕೂತಿರುವ ದ್ರವ, ಅಂದರೆ ದ್ರಾವಕ ಬೇಕು. ಡಿಎಂಎಫ್ ಅಂಥದು, ಗ್ಲೈಕಾಲ್ ಅಂಥದು. ಅಷ್ಟೇ ಸಾಲದು, ಓವನ್ನಿನ ಅಲೆಗಳನ್ನು ಹಿಡಿದುಕೊಂಡು ಬಿಸಿಯೂ ಆಗಬೇಕು. ಝೈಲೀನ್ ಎಂಬ ದ್ರಾವಕ ಕೂಡ ತಡವಾಗಿಯೇ ಕುದಿಯುತ್ತದೆ, ಆದರೆ ಅದು ಓವನ್ನಿನಲ್ಲಿ ಜಪ್ಪಯ್ಯ ಅಂದರೂ ಬಿಸಿಯಾಗುವುದಿಲ್ಲ. ಹಾಗಾಗಿ ನೋಡಿ ಆರಿಸಬೇಕು. ಆರಿಸುವುದರಲ್ಲೇ ಎಲ್ಲ ಇದೆ. ಸ್ಪಿರಿಟ್ಟಿನಂಥದ್ದನ್ನು ಆ ಓವನ್ನಿನಲ್ಲಿ ಇಟ್ಟರೆ ಒಳಗೆಲ್ಲ ಆವಿ ತುಂಬಿ, ಒಂದು ಕಿಡಿ ಸಾಕು.

ಇಂಥ ದ್ರಾವಕಕ್ಕೆ ಇಂಗ್ಲಿಷಿನಲ್ಲಿ ಹೈ ಬಾಯಿಲಿಂಗ್ ಸಾಲ್ವೆಂಟ್ ಎನ್ನುತ್ತಾರೆ. ಕನ್ನಡ ಪುಸ್ತಕದಲ್ಲಿ ‘ಅಧಿಕ ಕುದಿಬಿಂದುವುಳ್ಳ ದ್ರಾವಕ’ ಎಂದಿದೆ. ಸರಿಯಾಗಿಯೇ ಇದೆ. ನಾನು ಅದನ್ನು ಓದಿ ಕ್ಲಾಸಿನಲ್ಲಿ ನಕ್ಕೆ. "ಇದನ್ನ ಯಾರು ಮಾತಾಡ್ತಾರವಾ? ಬಿಡ್ರಿ ಅದನ್ನ. ಹೈ ಬಾಯಿಲಿಂಗ್ ಅಂದ್ರ ಏನಿಲ್ಲ, ಭಾಳ ಕುದಿಯೋದು. ಲೋ ಬಾಯಿಲಿಂಗ್ ಅಂದ್ರ ಕಡಿಮಿ ಕುದಿಯೋದು. ಮುಗೀತು." ಹುಡುಗರೂ ನಕ್ಕರು, ಬರೆದುಕೊಂಡರು. ಹೈ ಅಂದರೆ ಭಾಳ, ಬಾಯಿಲಿಂಗ್ ಅಂದರೆ ಕುದಿಯೋದು — ಪದಕ್ಕೆ ಪದ ಇಟ್ಟು ಕೈ ತೊಳೆದುಕೊಂಡಿದ್ದೆ. ಅಡಿಗೆಮನೆಯ ಮಾತಿನಲ್ಲಿ ಕಲಿಸುತ್ತೇನೆ ಎಂದು ಮೆರೆದವಳು, ಅಡಿಗೆಮನೆಯಲ್ಲಿ ಆ ಮಾತಿಗೆ ಏನರ್ಥ ಎಂದು ಒಂದು ಗಳಿಗೆ ಯೋಚಿಸಲಿಲ್ಲ. "ಸಾರು ಭಾಳ ಕುದಿಯಾಕತ್ತೈತಿ, ಇಳಸು" ಅನ್ನುತ್ತೇವಲ್ಲ. ಕೊಪ್ಪಳದಿಂದ ಕುಷ್ಟಗಿಯ ತನಕ ಯಾವ ಹೆಂಗಸನ್ನು ಕೇಳಿದರೂ ಭಾಳ ಕುದಿಯೋದು ಅಂದರೆ ಒಲೆ ಮೇಲಿಟ್ಟರೆ ಉಕ್ಕಿ ಬರುವುದು ಎಂದೇ ಹೇಳುತ್ತಾಳೆ. ಸ್ಪಿರಿಟ್ಟು ಅಂದರೆ ಅದೇ. ನಾನು ಹೇಳಬೇಕಿದ್ದದ್ದಕ್ಕೆ ಪೂರಾ ಉಲ್ಟಾ.

ಹುಲಿಗೆಮ್ಮ ಮರಳಿ ಎಂಬ ಹಳ್ಳಿಯ ಹುಡುಗಿ. ಅಪ್ಪ ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಚೀಲ ಹೊರುತ್ತಿದ್ದರು. ಆ ಮನೆಯಲ್ಲಿ ಕಾಲೇಜು ಕಂಡವಳು ಅವಳೊಬ್ಬಳೇ. ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು, ಬಂದರೆ ಲ್ಯಾಬು ಬಿಟ್ಟು ಏಳುತ್ತಿರಲಿಲ್ಲ. ಗಾಜಿನ ಸಾಮಾನು ಅವಳ ಕೈಯಲ್ಲಿ ಒಡೆದದ್ದು ನನಗೆ ನೆನಪಿಲ್ಲ. ಮುಂದೆ ಪಿಎಚ್‌ಡಿ ಮಾಡಬೇಕೆಂಬ ಆಸೆ ಅವಳಿಗಿತ್ತು. ಒಂದು ಸಲ ನನ್ನೆದುರು ಹೇಳಿ, ಹೇಳಬಾರದ್ದನ್ನು ಹೇಳಿದವಳಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಅವತ್ತು ಮಧ್ಯಾಹ್ನ ನನ್ನ ತಲೆ ಮೊದಲೇ ಕೆಟ್ಟಿತ್ತು. ಮುಂದಿನ ವರ್ಷಕ್ಕೆ ಅತಿಥಿಗಳಲ್ಲಿ ಯಾರನ್ನು ಕೈಬಿಡುತ್ತಾರೋ ಎಂದು ಸ್ಟಾಫ್ ರೂಮಿನಲ್ಲಿ ಗುಸುಗುಸು ನಡೆದಿತ್ತು, ಅಲ್ಲಿಗೆ ಓಡುವ ಅವಸರ ನನಗೆ. ಲ್ಯಾಬಿನ ಬಾಗಿಲು ದಾಟುತ್ತಿದ್ದೆ, ಮೊದಲ ಸಲ ತಾನೇ ಓವನ್ನಿಗೆ ಇಡಲಿದ್ದ ಹುಲಿಗೆಮ್ಮ ಕರೆದಳು.

"ಮೇಡಂರಿ, ಇವತ್ತು ಯಾವ್ದು ಹಾಕ್ಲಿರಿ? ಡಿಎಂಎಫ್ ಐತಿ, ಸ್ಪಿರಿಟ್ ಐತ್ರಿ."

"ಎಷ್ಟ ಸಲ ಹೇಳಬೇಕವಾ? ಭಾಳ ಕುದಿಯೋದು ತಗೋ."

ಅವಳು ಸುಮ್ಮನೆ ಒಪ್ಪಿಕೊಂಡಿದ್ದರೆ ನನ್ನ ಪಾಪ ಅಷ್ಟರಮಟ್ಟಿಗೆ ಕಡಿಮೆ ಇರುತ್ತಿತ್ತು. ಅವಳು ಒಪ್ಪಲಿಲ್ಲ. ಮತ್ತೊಮ್ಮೆ ಕೇಳಿದಳು, "ಭಾಳ ಕುದಿಯೋದು ಏನ್ರಿ?" ಎಂದು. ಅವಳ ಮನಸ್ಸಿಗೆ ಅದು ಸರಿ ಬಂದಿರಲಿಲ್ಲ. ಕೈ ಎರಡು ಬಾಟಲಿಗಳ ನಡುವೆ ನಿಂತಿತ್ತು — ನಾನು ಕಂಡಿದ್ದೇನೆ ಅದನ್ನು. ಒಂದು ಹೆಜ್ಜೆ ಹಿಂದೆ ಬಂದು ನೋಡಿದ್ದರೆ ಸಾಕಿತ್ತು.

"ಹೂಂ, ಅಂದ್ನಿಲ್ಲೊ" ಎಂದು ಒದರಿ ಹೊರಟೆ.

ಸ್ಟಾಫ್ ರೂಮಿನಿಂದ ವಾಪಸ್ಸು ಬರುತ್ತ ಮೆಟ್ಟಿಲ ಮೇಲಿದ್ದಾಗ ಧಡ್ ಎಂದು ಸದ್ದು ಕೇಳಿತು. ಓಡಿ ಬಂದೆ. ಓವನ್ನಿನ ಬಾಗಿಲು ಹಾರಿ ತೆರೆದಿತ್ತು, ಒಳಗೆ ನೀಲಿ ಉರಿ, ಹುಲಿಗೆಮ್ಮನ ಬಲಗೈ ಮಣಿಕಟ್ಟಿನಿಂದ ಮೊಳಕೈ ತನಕ ಸುಟ್ಟಿತ್ತು. ಜವಾನ ಬಂದು ಒದ್ದೆ ಗೋಣಿ ಹೊಚ್ಚಿ ಬೆಂಕಿ ಆರಿಸಿದ. ಅವಳು ಅಳುತ್ತಿರಲಿಲ್ಲ. "ಓವನ್ ಕೆಟ್ಟಿತೇನ್ರಿ ಮೇಡಂ?" ಎಂದು ಕೇಳಿದಳು. ನನ್ನ ಕಣ್ಣು ಮೇಜಿನ ಮೇಲಿನ ಸ್ಪಿರಿಟ್ ಬಾಟಲಿಯ ಮೇಲೆ ಬಿತ್ತು. ಎಂಥಾ ದಡ್ಡ ಹುಡುಗಿಯಪ್ಪಾ ಎಂದುಕೊಂಡೆ. ಮೊದಲು ಬಂದದ್ದು ಅದೇ, ಸುಳ್ಳು ಯಾಕೆ ಹೇಳಲಿ.

ದೊಡ್ಡ ದವಾಖಾನೆಗೆ ಆಟೋದಲ್ಲಿ ಕರೆದುಕೊಂಡು ಹೋಗುವಾಗ ಬೈದೆ. ಡಿಎಂಎಫ್ ಕಣ್ಣೆದುರಿಗೇ ಇತ್ತಲ್ಲ, ಅದನ್ನು ಬಿಟ್ಟು ಇದನ್ನು ಯಾಕೆ ಹಾಕಿದೆ ಎಂದೆ. ಅವಳು ಕೈಯನ್ನು ಮಡಿಲ ಮೇಲೆ ಹಿಡಿದುಕೊಂಡು ಹೇಳಿದಳು: "ಭಾಳ ಕುದಿಯೋದು ಅಂದ್ರೆಲ್ರಿ ಮೇಡಂ. ಡಿಎಂಎಫ್ ಎಲ್ಲಿ ಕುದೀತೈತ್ರಿ? ಸ್ಪಿರಿಟ್ ಭಾಳ ಕುದೀತೈತಿ. ಅದಕ್ಕ ಅದನ್ನ ಹಾಕಿದ್ನಿರಿ."

ಆಟೋ ಗವಿಮಠದ ರಸ್ತೆ ದಾಟುತ್ತಿತ್ತು. ಅಲ್ಲೇ ನನಗೆ ತಿಳಿಯಿತು, ಪೂರಾ ತಿಳಿಯಿತು. ‘ಆಮೇಲೆ ನಿಧಾನವಾಗಿ ಅರಿವಾಯಿತು, ಆಗ ಗೊಂದಲದಲ್ಲಿದ್ದೆ’ ಎಂದೆಲ್ಲ ಹೇಳಿಕೊಳ್ಳಲು ನನಗೆ ಜಾಗವೇ ಇಲ್ಲ. ನಾನು ತಿರುಗಿ ರಸ್ತೆ ನೋಡುತ್ತ ಕೂತೆ.

ಕೆಲ ದಿನ ಬಿಟ್ಟು ಪ್ರಾಂಶುಪಾಲರ ಕೋಣೆಯಲ್ಲಿ ವಿಚಾರಣೆ. ಆ ಪ್ರಾಂಶುಪಾಲರು ಈಗ ನಿವೃತ್ತರು, ಕೆಟ್ಟವರಲ್ಲ, ಕೇಳಬೇಕಾದದ್ದನ್ನೇ ಕೇಳಿದರು. ನಮ್ಮ ವಿಭಾಗದವರೆಲ್ಲ ಇದ್ದರು, ಪ್ರಾಜೆಕ್ಟಿನ ಹುಡುಗರಿದ್ದರು. ಹುಲಿಗೆಮ್ಮ ಪಟ್ಟಿ ಕಟ್ಟಿದ ಕೈ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಅವಳ ಅಪ್ಪ.

"ಮೇಡಂ, ಯಾವ್ದು ಹಾಕು ಅಂತ ಹೇಳಿದ್ರಿ ನೀವು?"

"ಹೈ ಬಾಯಿಲಿಂಗ್ ಸಾಲ್ವೆಂಟ್ ಹಾಕು ಅಂತ ಸ್ವಚ್ಛ ಹೇಳಿದ್ನಿರಿ ಸರ್. ಆಕಿಗೆ ತಿಳೀಲಿಲ್ಲಂದ್ರ ನಾ ಏನ್ ಮಾಡ್ಲಿ?"

ಇದೇ ಆ ಸುಳ್ಳು. ನೋಡಲಿಕ್ಕೆ ಎಷ್ಟು ಸಣ್ಣದು! ಕನ್ನಡ ಕನ್ನಡ ಎಂದು ಬಾಯಿ ಬಡಿದುಕೊಂಡವಳು ತಲೆ ಉಳಿಸಿಕೊಳ್ಳುವ ಹೊತ್ತು ಬಂದಾಗ ಇಂಗ್ಲಿಷಿನ ಹಿಂದೆ ಹೋಗಿ ಅಡಗಿದೆ. ಅವತ್ತು ಲ್ಯಾಬಿನಲ್ಲಿ ನಾನು ಹೈ ಬಾಯಿಲಿಂಗ್ ಅಂದಿರಲೇ ಇಲ್ಲ. ಅವಳು ತಲೆ ಎತ್ತಿದಳು.

"ಮೇಡಂರಿ, ನೀವು ಭಾಳ ಕುದಿ..."

"ಎರಡೂ ಒಂದ ಅಲ್ಲೇನವಾ? ಎಂಎಸ್ಸಿಗೆ ಬಂದು ಅಷ್ಟೂ ತಿಳಿಯೂದಿಲ್ಲೇನು?"

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಸುಳ್ಳು ಹೇಳುತ್ತಿದ್ದೇನೆ ಎಂಬ ಅನುಮಾನ ಆ ನೋಟದಲ್ಲಿ ಇರಲಿಲ್ಲ — ಇದ್ದಿದ್ದರೆ ಒಳ್ಳೆಯದಿತ್ತು. ಮೇಡಂ ಹೇಳುತ್ತಿದ್ದಾರೆಂದರೆ ಸರಿಯೇ ಇರಬೇಕು, ನನ್ನ ತಲೆಯಲ್ಲೇ ಏನೋ ಕೊರತೆ ಇದೆ ಎಂದು ಅವಳು ನಂಬುತ್ತಿದ್ದಳು, ನನ್ನ ಕಣ್ಣೆದುರಿಗೇ. "ತಪ್ಪಾತ್ರಿ. ನನಗ ತಿಳೀಲಿಲ್ರಿ" ಅಂದಳು. ಅವಳ ಅಪ್ಪ ಮುಂದೆ ಬಂದು ನನಗೆ ಕೈ ಮುಗಿದರು. "ಹುಡಿಗೀದು ತಪ್ಪಾಗೇತ್ರಿ ಅಕ್ಕಾರ, ಹೊಟ್ಯಾಗ ಹಾಕೋರಿ" ಎಂದರು. ನಾನು ಹೊಟ್ಟೆಗೆ ಹಾಕಿಕೊಂಡವಳಂತೆ ತಲೆಯಾಡಿಸಿದೆ.

ಲ್ಯಾಬಿಗೆ ಬರುವುದು ಬೇಡ, ಕೂತು ಬರೆಯುವ ಪ್ರಾಜೆಕ್ಟು ಮಾಡಲಿ ಎಂದು ತೀರ್ಮಾನವಾಯಿತು. ಒಂದಷ್ಟು ದಿನ ಬಂದಳು, ಲೈಬ್ರರಿಯಲ್ಲಿ ಕೂತಳು. ಆಮೇಲೆ ಬರುವುದನ್ನೇ ಬಿಟ್ಟಳು. ಎಂಎಸ್ಸಿ ಅರ್ಧಕ್ಕೇ ನಿಂತಿತು. ನಾನೊಂದು ಫೋನು ಮಾಡಿ ಯಾಕವಾ ಎಂದು ಕೇಳಲಿಲ್ಲ. ಕೇಳಿದರೆ ಎಲ್ಲಿ ಆ ಮಾತು ಬರುತ್ತದೋ ಎಂದು...

ಮತ್ತೊಂದು ಕೆಲಸ ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ಮುಂದಿನ ವಾರದ ಕ್ಲಾಸಿನಲ್ಲಿ, ಏನೂ ಆಗಿಲ್ಲವೆಂಬಂತೆ, "ಹೈ ಬಾಯಿಲಿಂಗ್ ಅಂದ್ರ ತಡಾ ಕುದಿಯೋದು" ಎಂದೆ. ಮೊದಲು ಬೇರೆ ಹೇಳಿದ್ದಿರಲ್ಲ ಎಂದು ಒಬ್ಬರೂ ಕೇಳಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ತಡಾ ಕುದಿಯೋದು ಎಂದೇ ಕಲಿಸುತ್ತಿದ್ದೇನೆ. ನಿಮ್ಮಲ್ಲಿ ಎಷ್ಟೋ ಜನ ನನ್ನಿಂದ ಸರಿಯಾದ ಮಾತನ್ನೇ ಕಲಿತಿದ್ದೀರಿ, ಅವಳ ಕೈ ಸುಟ್ಟ ಮೇಲೆ.

ಕೆಲಸ ಹೋದೀತು ಎಂಬ ಹೆದರಿಕೆಗೆ ಹೀಗೆ ಮಾಡಿರಬೇಕು ಎಂದು ನೀವು ಅಂದುಕೊಳ್ಳಬಹುದು. ನಾನೂ ಬಹಳ ದಿನ ಹಾಗೇ ಅಂದುಕೊಂಡು ಸಮಾಧಾನ ಮಾಡಿಕೊಂಡೆ. ಆದರೆ ಕೆಲಸ ಕಾಯಂ ಆಯಿತಲ್ಲ, ವಿಭಾಗದ ಮುಖ್ಯಸ್ಥೆಯೂ ಆದೆನಲ್ಲ — ಆಮೇಲೇಕೆ ಹೇಳಲಿಲ್ಲ? ಹೆದರಿಕೆ ಅಲ್ಲ ಅದು. ಕನ್ನಡದಲ್ಲಿ ಚಲೋ ಹೇಳುತ್ತಾಳೆ ಎಂದು ಹೆಸರಾದವಳ ಕನ್ನಡದಿಂದಲೇ ಬೆಂಕಿ ಬಿತ್ತು ಎಂದು ಒಪ್ಪಿಕೊಳ್ಳಲು ಆಗಲಿಲ್ಲ. ಜಂಬ. ಬೇರೆ ಹೆಸರಿಲ್ಲ ಅದಕ್ಕೆ.

ತಡವಾಗಿ ಕುದಿಯುವ ದ್ರಾವಕಗಳದ್ದು ಒಂದು ಕಾಟವಿದೆ. ಸ್ಪಿರಿಟ್ಟು ಕೆಲಸ ಮುಗಿದ ಮೇಲೆ ಗಾಳಿಗೇ ಹಾರಿಹೋಗುತ್ತದೆ. ಡಿಎಂಎಫ್ ಹಾಗೆ ಬಿಟ್ಟು ಹೋಗುವುದಿಲ್ಲ, ಹರಳನ್ನು ಎಷ್ಟು ತೊಳೆದರೂ ಮೀನಿನಂಥ ವಾಸನೆ ಸಣ್ಣಗೆ ಉಳಿದೇ ಇರುತ್ತದೆ. ಪ್ರತಿ ವರ್ಷ ಇದನ್ನು ಹೇಳಿಕೊಡುವಾಗ ನನ್ನ ನಾಲಿಗೆ ಒಂದು ಗಳಿಗೆ ತಡೆಯುತ್ತಿತ್ತು. ನೋಟ್ಸು ಬರೆದುಕೊಳ್ಳಲಿ ಎಂದು ಮೇಡಂ ನಿಲ್ಲಿಸಿದ್ದಾರೆ ಅಂತ ಹುಡುಗರು ಅಂದುಕೊಳ್ಳುತ್ತಿದ್ದರು.

ಈ ವರ್ಷದ ಅಡ್ಮಿಷನ್ ನಡೆದಿದ್ದಾಗ ಹುಲಿಗೆಮ್ಮ ನನ್ನ ಕೋಣೆಯ ಬಾಗಿಲಿಗೆ ಬಂದಳು. ಗುರುತು ಹಿಡಿಯಲು ಹೊತ್ತಾಗಲಿಲ್ಲ, ಬಳೆಗಳ ಹಿಂದೆ ಆ ಕೈಯ ಚರ್ಮ ಇನ್ನೂ ಮಿರಿಮಿರಿ ಅನ್ನುತ್ತಿತ್ತು. ಈಗ ಗಂಗಾವತಿಯ ಒಂದು ಗಿರಣಿಯ ಆಫೀಸಿನಲ್ಲಿ ಬಿಲ್ಲು ಬರೆಯುತ್ತಾಳಂತೆ. ಜೊತೆಗೆ ಅಣ್ಣನ ಮಗಳು ರೇಣುಕಾ, ಬಿಎಸ್ಸಿಗೆ ಸೇರುವವಳು. ಹುಡುಗಿ ಕೆಮಿಸ್ಟ್ರಿಯೇ ಬೇಕೆಂದು ಹಟ ಹಿಡಿದಿದ್ದಳು.

"ಬ್ಯಾಡ್ರಿ ಮೇಡಂ, ನೀವರ ಬುದ್ಧಿ ಹೇಳ್ರಿ ಇಕೀಗೆ. ಕೆಮಿಸ್ಟ್ರಿ ಬಿಟ್ಟು ಬ್ಯಾರೆ ಯಾವ್ದರ ಕೊಡ್ರಿ" ಅಂದಳು ಹುಲಿಗೆಮ್ಮ. ಆಮೇಲೆ ನಕ್ಕಳು, ಅದೇ ಹಳೆಯ ಸಂಕೋಚದ ನಗು. "ನಮ್ಮ ಮನ್ಯಾನವ್ರ ತಲಿಗೆ ಅದು ಹತ್ತೂದಿಲ್ರಿ. ನಿಮಗ ಗೊತ್ತಲ್ರಿ, ನನ್ನ ನೋಡೀರಿ."

ರೇಣುಕಾ ನೆಲ ನೋಡುತ್ತ ನಿಂತಿದ್ದಳು. ನಾನು ಆಗಲಾದರೂ ಬಾಯಿ ಬಿಡಬೇಕಿತ್ತು. "ಇನ್ನೂ ಟೈಮ್ ಐತಿ, ವಿಚಾರ ಮಾಡ್ರಿ" ಎಂದು ಕಳಿಸಿಬಿಟ್ಟೆ. ಕಳಿಸಿ, ಆ ಸಂಜೆಯೆಲ್ಲ ಕಂಡಕಂಡವರ ಮೇಲೆ ಹರಿಹಾಯ್ದೆ. ಜವಾನನಿಗೆ ಬೈದೆ, ಕ್ಲರ್ಕಿಗೆ ಬೈದೆ, ಮನೆಗೆ ಹೋಗಿ ಗಂಡನಿಗೆ ಬೈದೆ. "ಏನಾಗೇತಿ ನಿನಗ?" ಎಂದು ಅವರು ಕೇಳಿದರು. ಹೇಳಲಿಲ್ಲ. ನನ್ನ ಒಂದು ಸುಳ್ಳು ಒಬ್ಬಳನ್ನು ತಿಂದು ಮುಗಿಸಿ ಈಗ ಎರಡನೆಯವಳ ತನಕ ಬಂದು ನಿಂತಿತ್ತು, ಮತ್ತು ಅದಕ್ಕೆ ನಾನೇ ಕುರ್ಚಿ ಕೊಟ್ಟು ಕೂಡಿಸಿದ್ದೆ.

ಭಾನುವಾರ ಗಂಗಾವತಿಯ ಬಸ್ಸು ಹತ್ತಿದೆ, ಅಲ್ಲಿಂದ ಮರಳಿಗೆ. ಹುಲಿಗೆಮ್ಮ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಗಾಬರಿಯಾಗಿ ಎದ್ದಳು. "ಫೋನ್ ಮಾಡಿದ್ರ ನಾವ ಬರ್ತಿದ್ವಿ, ನೀವ ಯಾಕ ಬರಾಕ ಹೋದ್ರಿ" ಎಂದು ಚಾಪೆ ಹಾಸಿದಳು. ರೇಣುಕಾ ಚಹಾ ತಂದಿಟ್ಟಳು. ಕುಡಿಯಲಾಗಲಿಲ್ಲ. ದಾರಿಯುದ್ದ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

"ಹುಲಿಗೆಮ್ಮ, ಅವತ್ತು ನಾನು ಹೈ ಬಾಯಿಲಿಂಗ್ ಅಂದಿರಲಿಲ್ಲ. ಭಾಳ ಕುದಿಯೋದು ತಗೋ ಅಂದಿದ್ದೆ."

"ಹೌದ್ರಿ" ಅಂದಳು. "ಎರಡೂ ಒಂದ ಅಲ್ರಿ ಮತ್ತ?"

ಇನ್ನೂ ನಂಬಿಕೊಂಡೇ ಇದ್ದಳು.

"ಒಂದಲ್ಲವಾ. ಹೈ ಬಾಯಿಲಿಂಗ್ ಅಂದ್ರ ತಡಾ ಕುದಿಯೋದು. ಭಾಳ ಕುದಿಯೋದು ಅಂದ್ರ ಸ್ಪಿರಿಟ್. ನಾ ಉಲ್ಟಾ ಹೇಳಿದ್ದೆ. ನಾ ಏನ್ ಹೇಳಿದ್ನೋ ನೀ ಅದನ್ನ ತಗೊಂಡಿ."

ಅವಳ ಕೈ ಮೊರದ ಮೇಲೆ ನಿಂತಿತು.

"ಹಂಗಾರ ನನಗ ತಿಳಿದಿತ್ತೇನ್ರಿ?"

"ತಿಳಿದಿತ್ತವಾ."

"ನಿಮಗ ಯಾವಾಗ ಗೊತ್ತಾತ್ರಿ?"

ಈ ಪ್ರಶ್ನೆ ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. "ಅವತ್ತ. ಆಟೋದಾಗ" ಎಂದೆ.

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ನಮ್ಮಪ್ಪ ನಿಮಗ ಕೈ ಮುಗದಿದ್ದ" ಎಂದಳು. ಮೊದಲ ಸಲ ಮಾತಿನ ಕೊನೆಗೆ ‘ರಿ’ ಇರಲಿಲ್ಲ. ಆಮೇಲೆ ಮೊರ ಪಕ್ಕಕ್ಕಿಟ್ಟು ನನ್ನತ್ತ ತಿರುಗಿದಳು. "ಈಗ ನನ್ನೊಬ್ಬಾಕಿ ಮುಂದ ಹೇಳಿದ್ರ ಏನ್ ಬಂತ್ರಿ ಮೇಡಂ? ಅವತ್ತು ಎಲ್ಲಾರ ಮುಂದ ಹೇಳಿದ್ರಿ. ಇಷ್ಟು ವರ್ಷ ನಾ ದಡ್ಡಿ ಅಂತ ತಿಳಕೊಂಡ ಬದುಕೀನಿ. ನಮ್ಮ ಮನ್ಯಾಗೂ ಎಲ್ಲಾರು ಹಂಗ ತಿಳಕೊಂಡಾರ."

ಹೊಟ್ಟೆಗೆ ಹಾಕಿಕೊಳ್ಳವಾ ಎಂದು ಕೇಳಬೇಕೆಂದೇ ಹೋಗಿದ್ದೆ. ಆ ಮಾತನ್ನು ಆ ಮನೆಯ ಹಿರಿಯರು ನನ್ನೆದುರು ಒಮ್ಮೆ ಆಡಿಬಿಟ್ಟಿದ್ದರು, ಬಾಯಿಗೆ ಬರಲಿಲ್ಲ. ಎದ್ದೆ. ಹೊರಡುವಾಗ ಹುಲಿಗೆಮ್ಮ ಬಾಗಿಲಲ್ಲಿ ನಿಂತಿದ್ದ ರೇಣುಕಾಳನ್ನು ನೋಡಿ, ನನಗೆ ಕೇಳುವ ಹಾಗೆ ಹೇಳಿದಳು: "ಫಾರಂ ನಾಳೆ ಕೊಡ್ತಾಳ್ರಿ. ಏನ್ ಬರೀತಾಳೋ ಆಕೀನ ಬರೀಲಿ."

ಮರುದಿನ ರೇಣುಕಾ ಫಾರಂ ತಂದಳು. ಕೆಮಿಸ್ಟ್ರಿ ಅಂತಲೇ ಬರೆದಿದ್ದಳು. ಹುಲಿಗೆಮ್ಮ ಬಂದಿರಲಿಲ್ಲ. ಅವಳ ಅರ್ಧಕ್ಕೆ ನಿಂತ ಓದು ಇದರಿಂದ ಪೂರಾ ಆಗುವುದಿಲ್ಲ, ನನಗದು ಗೊತ್ತಿದೆ. ಆ ಕೈಯೂ ಹಾಗೇ ಇರುತ್ತದೆ.

ಅವತ್ತು ಆ ಕೋಣೆಯಲ್ಲಿದ್ದ ನಾಲ್ಕಾರು ಜನ ಇನ್ನೂ ಈ ಕಾಲೇಜಿನಲ್ಲೇ ಇದ್ದೀರಿ. ಆಗಿನ ವಿದ್ಯಾರ್ಥಿಗಳಿಗೂ ಈ ಸಂಚಿಕೆ ಹೋಗುತ್ತದೆ, ಒಂದು ಪ್ರತಿ ಮರಳಿಗೂ ಹೋಗುತ್ತದೆ. ನೀವೆಲ್ಲ ನನ್ನ ಸುಳ್ಳನ್ನು ಕೇಳಿದವರು, ಆದ್ದರಿಂದ ನ್ಯಾಯವಾಗಿ ಹೇಳಬೇಕಾದದ್ದನ್ನು ನಿಮ್ಮ ಮುಂದೆಯೇ ಹೇಳುತ್ತಿದ್ದೇನೆ, ನಾನು ಅವತ್ತು ಆಡಿದ ಮಾತಿನಲ್ಲೇ. ಭಾಳ ಕುದಿಯೋದು ತಗೋ ಅಂದಿದ್ದೆ. ಎರಡು ಸಲ ಕೇಳಿದಳು, ಎರಡನೆಯ ಸಲ ಹೂಂ ಅಂದೆ. ಹುಲಿಗೆಮ್ಮ ಅದನ್ನೇ ತಗೊಂಡಳು.